ಸುಣ್ಣದ ಕಲ್ಲಿಗೆ ಸುಣ್ಣ

ಅರವತ್ತು ತುಂಬಿದ ದಿನ ಕಚೇರಿಯಲ್ಲಿ ನನಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಗಾಜಿನ ಪೆಟ್ಟಿಗೆಯೊಳಗೆ ಕೂತ ಗೀತೋಪದೇಶದ ರಥವೊಂದನ್ನು ಕೈಗಿಟ್ಟರು. ಆಮೇಲೆ ಮಾತಾಡಿದವರೆಲ್ಲ ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಕಡೆ ಬಂದು ಇಳಿದರು: ‘ಇನ್ನಾದರೂ ಸ್ವಲ್ಪ ಅಧ್ಯಾತ್ಮದ ಕಡೆ ಗಮನ ಕೊಡಿ ಸಾರ್.’ ಅಲ್ಲಿಯತನಕ ನಾನು ಗಮನ ಕೊಟ್ಟದ್ದು ಬೇರೆಯವರ ಪ್ರಯಾಣಭತ್ಯೆಯ ಬಿಲ್ಲುಗಳಿಗೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎನ್ನುವ ದನಿಯಲ್ಲೇ ಇವರು ಅಧ್ಯಾತ್ಮ ಜಾಸ್ತಿ ಮಾಡಿ ಎನ್ನುತ್ತಿದ್ದರು. ಎರಡಕ್ಕೂ ತಲೆಯಾಡಿಸಿ ಮನೆಗೆ ಬಂದೆ.

ಮಗಳು ಇದನ್ನು ಗಂಭೀರವಾಗಿ ತಗೊಂಡಳು. ಬೆಂಗಳೂರಿನ ಹೊರವಲಯದಲ್ಲಿ ಮೂರು ದಿನದ ಧ್ಯಾನಶಿಬಿರಕ್ಕೆ ನನ್ನ ಹೆಸರು ಬರೆಸಿ, ಹೊಸ ಬಿಳಿ ಪೈಜಾಮ ಕೊಡಿಸಿ ಕಳಿಸಿದಳು. ಅಲ್ಲಿ ಬೆಳಗಿನ ಐದಕ್ಕೆ ಹುಲ್ಲಿನ ಮೇಲೆ ಕೂಡಿಸಿ, ‘ಕಣ್ಣು ಮುಚ್ಚಿ, ಪ್ರಕೃತಿಯ ಜೊತೆ ಒಂದಾಗಿ’ ಎಂದರು. ಒಂದಾಗಲು ಅನುಕೂಲವಾಗಲೆಂದು ನಾಲ್ಕು ಮೂಲೆಯ ಸ್ಪೀಕರುಗಳಲ್ಲಿ ಹಳ್ಳ ಹರಿಯುವ ಸದ್ದು ಬಿಟ್ಟಿದ್ದರು. ನಾನು ಹಳ್ಳದ ದಂಡೆಯಲ್ಲೇ ಬೆಳೆದವನು. ಅದರೊಳಗೆ ದನ ತೊಳೆದು, ಬಟ್ಟೆ ಕಳಕೊಂಡು, ಮನೆಗೆ ಹೋಗಿ ಏಟು ತಿಂದವನು. ಆ ಸದ್ದು ಕೇಳಿದ್ದೇ ಬೆನ್ನು ಚುರುಗುಟ್ಟಿತು. ಅಷ್ಟರಲ್ಲಿ ಕರೆಂಟು ಹೋಯಿತು, ಹಳ್ಳ ನಿಂತಿತು. ಜನರೇಟರು ಹತ್ತಿತು, ಹಳ್ಳ ಮತ್ತೆ ಹರಿಯಿತು. ಉಳಿದವರೆಲ್ಲ ಏನು ಕಂಡರೋ, ನನಗೆ ಮೂರೂ ದಿನ ಕಂಡದ್ದು ನನ್ನ ಮೊಣಕಾಲು ಮಾತ್ರ.

ಶಿಬಿರದಿಂದ ಬಂದ ವಾರಕ್ಕೆ ಹುಣಸಗಿಯಿಂದ ಕಾಕಿಯ ಫೋನು ಬಂತು.

‘ತಮ್ಮಾ, ಎಳ್ಳಮಾಸಿ ಬಂತು. ಪಾಂಡವರಿಗೆ ಸುಣ್ಣ ಯಾರು ಹಚ್ಚೋರು?’

ನಾನು ಸುಮ್ಮನಾದೆ. ನಮ್ಮವ್ವ ಹೋಗಿ ಆಗಿನ್ನೂ ಐದು ತಿಂಗಳು. ವರ್ಷ ತುಂಬುವತನಕ ಮನೆಯಲ್ಲಿ ಹಬ್ಬ ಇಲ್ಲವಲ್ಲ ಎಂದೆ.

‘ಮನಿಗಿ ಇಲ್ಲ ಖರೆ. ಹೊಲಕ್ಕೆಲ್ಲಿ ಸೂತಕ? ಬಾ.’

ಹೊರಗಿನವರಿಗೆ ಈ ಪಾಂಡವರನ್ನು ಪರಿಚಯಿಸಬೇಕು. ಎಳ್ಳಮಾಸಿ ಎಂದರೆ ಎಳ್ಳ ಅಮಾವಾಸ್ಯೆ. ಜೋಳ ತೆನೆ ಹಿಡಿಯುವ, ಕಡಲೆ ಹೂ ಬಿಡುವ ಹೊತ್ತಿನಲ್ಲಿ ನಮ್ಮ ಸೀಮೆಯ ಜನವೆಲ್ಲ ಸಜ್ಜಿ ಕಡುಬು, ಭಜ್ಜಿ ಪಲ್ಲೆ, ಶೇಂಗಾ ಹೋಳಿಗೆ, ಎಣ್ಣಿಗಾಯಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹಬ್ಬ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರು ಎಂದು ಪೂಜಿಸಿ, ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತೇವೆ. ಹಕ್ಕಿಗೆ, ಹುಳಕ್ಕೆ, ಇರುವೆಗೆ, ಭೂಮ್ತಾಯಿಗೆ ಮೊದಲ ತುತ್ತು. ಬಸುರಿಗೆ ಕುಬಸ ಮಾಡಿ ಬಯಕೆ ತೀರಿಸುವ ಹಾಗೆ ತೆನೆ ಹೊತ್ತ ಭೂಮಿಗೂ ಬಯಕೆ ತೀರಿಸಬೇಕು ಎನ್ನುವುದು ಇದರ ಹಿಂದಿನ ಲೆಕ್ಕ. ಆಮೇಲೆ ನಮ್ಮ ಊಟ.

ಬಹಳ ಹೊಲಗಳಲ್ಲಿ ಹಬ್ಬದ ದಿನ ಕೈಗೆ ಸಿಕ್ಕ ಐದು ಕಲ್ಲೇ ಪಾಂಡವರು. ಮರುದಿನ ಅವರು ಮತ್ತೆ ಕಲ್ಲು. ನಮ್ಮ ಹೊಲದ ಪಾಂಡವರು ಹಾಗಲ್ಲ, ಕಾಯಂ ನೌಕರರು. ಮುತ್ಯಾನ ಮುತ್ಯಾ ಕೂಡಿಸಿದ್ದು ಎನ್ನುತ್ತಿದ್ದರು. ಅವರಲ್ಲಿ ನಡುವಿನವನು ಭೀಮಪ್ಪ. ಉಳಿದ ನಾಲ್ವರು ಗುಂಡಗೆ ಹಳ್ಳದ ಕಲ್ಲಿನ ಹಾಗಿದ್ದರೆ ಇವನೊಬ್ಬನ ಹೆಗಲು ಅಗಲ, ತಲೆ ಚೂಪು. ಅದಕ್ಕೇ ಭೀಮಪ್ಪ.

ನಮ್ಮ ಮನೆಯಲ್ಲಿ ಏನೇ ಆಗಲಿ, ಮೊದಲ ವರದಿ ಭೀಮಪ್ಪನಿಗೆ ಹೋಗಬೇಕು. ನನ್ನನ್ನು ಕೂಸಿದ್ದಾಗ ತೊಟ್ಟಿಲಿಗೆ ಹಾಕಿದ ವಾರದಲ್ಲೇ ಅಲ್ಲಿಗೆ ಒಯ್ದು ಅವನ ಮುಂದೆ ಮಲಗಿಸಿದ್ದರಂತೆ. ನಾನು ಅವನ ಮೇಲೇ ಉಚ್ಚೆ ಹೊಯ್ದೆನಂತೆ. ‘ಪ್ರಸಾದ ಆತು’ ಎಂದು ಮುತ್ಯಾ ನಕ್ಕನಂತೆ. ಎಸ್ಸೆಸ್ಸೆಲ್ಸಿಯ ಹಾಲ್‌ಟಿಕೇಟನ್ನು ಅವ್ವ ಅವನ ತಲೆಗೆ ಮುಟ್ಟಿಸಿ ಕೊಟ್ಟಿದ್ದಳು. ಗಣಿತದಲ್ಲಿ ಹೋದೆ. ಮುತ್ಯಾ ಅವ್ವನನ್ನೇ ಬೈದ: ‘ಲೆಕ್ಕಕ್ಕ ಸಹದೇವನ್ನ ಹಿಡೀಬೇಕು, ಭೀಮನ್ನ ಹಿಡದ್ರ ಹೆಂಗ ಪಾಸಾಗ್ತಾನ?’ ಅಕ್ಟೋಬರ್ ಪರೀಕ್ಷೆಗೆ ಸಹದೇವನಿಗೆ ಮುಟ್ಟಿಸಿದೆವು, ಮೂವತ್ತೈದು ಬಂತು. ಸಹದೇವ ಕೊಡುವುದು ಅಷ್ಟೇ ಎಂದು ಗೊತ್ತಾಯಿತು.

ಮದುವೆಯಾದ ಮೇಲೆ ಹೆಂಡತಿಯನ್ನು ಕರಕೊಂಡು ಹೋದೆ. ಅವಳು ತುಮಕೂರಿನ ಕಡೆಯವಳು. ಬಿಸಿಲಲ್ಲಿ ಎರಡು ಮೈಲಿ ನಡೆಸಿ, ಐದು ಕಲ್ಲಿನ ಮುಂದೆ ನಿಲ್ಲಿಸಿ, ನಮಸ್ಕಾರ ಮಾಡು ಎಂದರೆ ಅವಳು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು, ‘ಏನ್ರೀ, ಇವರಲ್ಲಿ ನನಗೆ ಮಾವ ಯಾರಾಗ್ಬೇಕು, ಮೈದುನ ಯಾರಾಗ್ಬೇಕು?’ ಮೂವತ್ತೈದು ವರ್ಷವಾಯಿತು, ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಅಪ್ಪ ತೀರಿಕೊಂಡಾಗ ಮಣ್ಣು ಮಾಡಿ ಬಂದು, ಒದ್ದೆ ಬಟ್ಟೆಯಲ್ಲೇ ಅಲ್ಲಿಗೆ ಹೋಗಿ ನಿಂತಿದ್ದೆ. ಏನು ಹೇಳಬೇಕೋ ತಿಳಿಯಲಿಲ್ಲ. ‘ಅಪ್ಪ ಹೋದ’ ಎಂದೆ. ಅವನು ಎಂದಿನಂತೆ ಸುಮ್ಮನಿದ್ದ. ಆವತ್ತು ಮನೆಗೆ ಬಂದವರಲ್ಲಿ ಸುಮ್ಮನಿರಲು ಬರುತ್ತಿದ್ದವರು ಯಾರೂ ಇರಲಿಲ್ಲ. ಹಾಗಾಗಿ ಅಲ್ಲೇ ಬಹಳ ಹೊತ್ತು ಕೂತೆ.

ಭೀಮಪ್ಪನ ಸ್ವಂತ ಬಾಳಿನಲ್ಲಿ ಬಂದ ದೊಡ್ಡ ಗಂಡಾಂತರ ಎಂದರೆ ಕಾಲುವೆ. ನಾರಾಯಣಪುರದ ಹತ್ತಿರ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಬರುತ್ತದೆಂದು ಊರಿಗೆ ಊರೇ ಹೊಲ ಮಟ್ಟ ಮಾಡಿಸಲು ನಿಂತಿತು. ನಮ್ಮ ಹೊಲಕ್ಕೂ ಬುಲ್ಡೋಜರ್ ಬಂತು. ಬನ್ನಿಗಿಡ ತೆಗೆಸಿದರೆ ಒಂದು ಮಡಿ ಹೆಚ್ಚಾಗುತ್ತದೆ ಎಂದು ಅಪ್ಪನ ಲೆಕ್ಕ. ಮುತ್ಯಾ ವಾದ ಮಾಡಲಿಲ್ಲ. ಕೌದಿ ತಂದು ಪಾಂಡವರ ಪಕ್ಕದಲ್ಲಿ ಹಾಸಿ, ಮುಸುಕು ಹಾಕಿಕೊಂಡು ಮಲಗಿಬಿಟ್ಟ. ಎರಡು ದಿನ ಬುತ್ತಿ ಅಲ್ಲಿಗೇ ಹೋಯಿತು. ಡ್ರೈವರು ಸುತ್ತು ಹಾಕಿ ಉಳಿದದ್ದನ್ನು ಮಟ್ಟ ಮಾಡಿದ. ಇವತ್ತಿಗೂ ನಮ್ಮ ಭತ್ತದ ಗದ್ದೆಯ ಮಧ್ಯೆ ಒಂದು ಕೋಣೆಯಷ್ಟು ಜಾಗ ಎತ್ತರದಲ್ಲಿ ಒಣಗಿ ನಿಂತಿದೆ. ನೀರು ಬಂದಿದ್ದರಿಂದ ಮನೆಗೆ ಆರ್‌ಸಿಸಿ ಬಂತು, ಟ್ರಾಕ್ಟರ್ ಬಂತು, ನನ್ನ ಕಾಲೇಜಿನ ಫೀಜು ಬಂತು. ಸಜ್ಜೆ, ನವಣೆ, ಎಳ್ಳು ಹೋದವು. ಈಗ ಎಳ್ಳಮಾಸಿಯ ಎಳ್ಳನ್ನೂ ಅಂಗಡಿಯಿಂದ ತರುತ್ತೇವೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ನಾನು, ಹೆಂಡತಿ, ಮಗಳು, ಕಾಕಿ ಹೊಲಕ್ಕೆ ಹೋದೆವು. ಅವ್ವನಾಗಿದ್ದರೆ ಹಿಂದಿನ ರಾತ್ರಿಯೇ ಗಡಿಗೆಯಲ್ಲಿ ಸುಣ್ಣದ ಹರಳು ಹಾಕಿ, ನೀರು ಹೊಯ್ದು, ಅದು ಕೊತಕೊತ ಕುದಿಯುವಾಗ ‘ದೂರ ಸರೀರಿ’ ಎಂದು ಮೊಮ್ಮಕ್ಕಳನ್ನು ಗದರುತ್ತಿದ್ದಳು. ನಾನು ಗದರುವವರಿಲ್ಲದೆ ಒಬ್ಬನೇ ಕೂತು ಕುದಿಸಿದ್ದೆ.

‘ಸುಣ್ಣ ಹಕ್ಕಳಿ ಎದ್ದದ. ಕೆರದು ಹಚ್ಚು’ ಎಂದಳು ಕಾಕಿ.

ಅವ್ವ ಯಾವ ವರ್ಷವೂ ಕೆರೆದವಳಲ್ಲ. ಹಳೆಯದರ ಮೇಲೇ ಹೊಸದು. ನಾನು ಕುಡುಗೋಲಿನ ಬೆನ್ನಿನಿಂದ ಭೀಮಪ್ಪನ ಹೆಗಲನ್ನು ಮೆಲ್ಲಗೆ ಕೆರೆದೆ. ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರವಾಗಿ ಬಂತು. ಬಿಳಿ, ಅದರಡಿ ಕೆಮ್ಮಣ್ಣಿನ ಪಟ್ಟೆ, ಮತ್ತೆ ಬಿಳಿ, ಮತ್ತೆ ಕೆಂಪು. ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ? ಎಣಿಸಲು ಕೂತೆ. ಹುಣಸಗಿ ತಾಲ್ಲೂಕಾದಾಗಿನ ಸುಣ್ಣ ಇದು. ಇದು 2009ರಲ್ಲಿ ಯಾದಗಿರಿ ಜಿಲ್ಲೆಯಾದದ್ದು. ಕೆಳಗೆ ಗುಲಬರ್ಗಾ. ಅದರ ಕೆಳಗೆ 1956ರ ಮೈಸೂರು ರಾಜ್ಯ, ಇನ್ನೂ ಕೆಳಗೆ ನಿಜಾಮ, ಅವನಡಿಗೆ ಸುರಪುರದ ನಾಯಕರು. ಹೊಲ ಒಂದು ಅಂಗುಲ ಕದಲದೆ ಇಷ್ಟು ಸರಕಾರಗಳಿಗೆ ಕಂದಾಯ ಕಟ್ಟಿದೆ. ನನ್ನ ಎಣಿಕೆ ಇಪ್ಪತ್ತು ದಾಟಿದ ಮೇಲೆ ತಪ್ಪಿತು. ಗಣಿತ ಆವತ್ತೂ ಕೈಕೊಟ್ಟಿತು.

ಒಂದು ಅಗಲವಾದ ಹಕ್ಕಳಿ ಇಡಿಯಾಗಿ ಬಿಟ್ಟುಕೊಂಡಿತು. ತಿರುಗಿಸಿ ನೋಡಿದೆ. ಅದರ ಮೇಲೆ ಮೂರು ಗೆರೆ ಸಾಲಾಗಿ ಇಳಿದಿದ್ದವು, ನಡುವಿನದು ಉದ್ದ, ಕೊನೆಯದು ಸ್ವಲ್ಪ ಡೊಂಕು. ಅವ್ವ ಬ್ರಷ್ಷು ಮುಟ್ಟಿದವಳಲ್ಲ, ಬೆರಳಲ್ಲೇ ಹಚ್ಚುವುದು. ಬಲಗೈಯ ಉಂಗುರದ ಬೆರಳು ರೊಟ್ಟಿ ಬಡಿಯುವಾಗ ಎಂದೋ ಉಳುಕಿ ಡೊಂಕಾಗಿತ್ತು. ಯಾವ ವರ್ಷದ್ದೋ ಏನೋ. ನಾನು ಬೆಂಗಳೂರಿನಲ್ಲಿ ಕೂತು ಯಾರದೋ ಬಿಲ್ಲಿಗೆ ತಕರಾರು ಬರೆಯುತ್ತಿದ್ದ ಯಾವುದೋ ಎಳ್ಳಮಾಸಿಯ ದಿನ ಅವಳು ಇಲ್ಲಿ ಬಗ್ಗಿ ಈ ಮೂರು ಗೆರೆ ಎಳೆದಿದ್ದಳು. ಶಿಬಿರದಲ್ಲಿ ‘ಉಸಿರಿನ ಮೇಲೆ ಗಮನವಿಡಿ’ ಎಂದು ಮೂರು ದಿನ ಹೇಳಿದ್ದರು. ಆಗ ಗಮನಕ್ಕೆ ಬಾರದ್ದು ಈಗ ಗಂಟಲಲ್ಲಿ ಸಿಕ್ಕಿಕೊಂಡು ಗಮನಕ್ಕೆ ಬಂತು.

ಹಕ್ಕಳಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಏನೂ ಕೇಳದೆ ಕಡುಬಿನ ಡಬ್ಬಿ ಖಾಲಿ ಮಾಡಿ ಅದರಲ್ಲಿಟ್ಟಳು.

ಈಗ ಭೀಮಪ್ಪ ಬರಿಮೈಯಲ್ಲಿದ್ದ. ಬೂದುಬಣ್ಣದ ಸುಣ್ಣಗಲ್ಲು, ನಮ್ಮ ಮನೆಗಳ ನೆಲಕ್ಕೆ ಹಾಸುವ ಫರ್ಸಿಯ ಬಳಗ. ಬಾದಾಮಿ ಬೀಜವನ್ನು ಅಂಗೈಯಷ್ಟು ಹಿಗ್ಗಿಸಿದರೆ ಹೇಗೋ ಹಾಗೆ. ಎರಡೂ ಮಗ್ಗುಲಲ್ಲಿ ಚಕ್ಕೆ ಎಬ್ಬಿಸಿದ ಗುರುತು. ಒಂದು ಚಕ್ಕೆಯ ಅಂಚಿನಿಂದ ಇನ್ನೊಂದು, ಬಡಿಗ ಬಾಚಿಯಿಂದ ಕೆತ್ತಿದ ಹಾಗೆ ಕ್ರಮವಾಗಿ. ಬುಡ ಮಾತ್ರ ದುಂಡಗೆ. ಮಗಳು ಕಸಿದುಕೊಂಡು ಅತ್ತಿತ್ತ ತಿರುಗಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು ಹೋಲಿಸಿ, ಕೂಗಿಯೇಬಿಟ್ಟಳು: ‘ಅಪ್ಪಾ, ಇದು ಕೈಗೊಡಲಿ ಇದ್ದ ಹಾಗಿದೆ!’

ಆಗ ನನಗೆ ‘ಕಲ್ಲು ಆರಿಸೋ ಸಾಹೇಬರು’ ನೆನಪಾದರು. 1970ರ ದಶಕ, ನಾನು ಚಡ್ಡಿ ಹುಡುಗ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವದವರು ಹುಣಸಗಿ ಹಳ್ಳದ ಗುಂಟ ನಡೆದು ನಡೆದು ಕಲ್ಲು ಆರಿಸುತ್ತಿದ್ದರು. ನಿಧಿಯ ನಕ್ಷೆ ಸಿಕ್ಕಿದೆ ಎಂದು ನಮ್ಮ ಗುಮಾನಿ. ಮುತ್ಯಾನದು ಬೇರೆಯೇ ಸಂಕಟ: ‘ಹೊಲದಾಗಿನ ಕಲ್ಲು ಆರಿಸ್ಲಾಕ ಪಗಾರ ಕೊಡ್ತಾರಂದ್ರ, ನಾ ಹುಟ್ಟಿದಾಗಿಂದ ಆರ್ಸಾಕತ್ತೀನಲ್ಲೋ, ನನ್ನ ಬಾಕಿ ಎಷ್ಟಾತು?’

ಆ ಕೆಲಸದ ಹಿರಿಯರು ಪ್ರೊ. ಕೆ. ಪದ್ದಯ್ಯ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಅವರು ಬದುಕಿನ ಬಹುಭಾಗ ಕಳೆದು ಹಳೆ ಶಿಲಾಯುಗದ ನೂರಾರು ನೆಲೆಗಳನ್ನು ಹುಡುಕಿದರು. ನಮ್ಮೂರಿಗೆ ಹತ್ತಿರದ ಇಸಾಂಪುರದಲ್ಲಿ 1990ರ ದಶಕದ ಕೊನೆಗೆ ಉತ್ಖನನ ನಡೆಯಿತು. ಕಪ್ಪು ಮಣ್ಣಿನ ಅಡಿಯಲ್ಲಿ ಸುಣ್ಣಗಲ್ಲಿನ ಚಪ್ಪಡಿಗಳು, ಒಡೆದ ಚಕ್ಕೆ, ಒಡೆಯಲು ಬಳಸಿದ ಗುಂಡು, ಅರ್ಧಕ್ಕೆ ಬಿಟ್ಟ ಕೊಡಲಿ, ಎಲ್ಲ ಇದ್ದಲ್ಲೇ ಇದ್ದವು. ಈಗಷ್ಟೇ ಊಟಕ್ಕೆ ಎದ್ದುಹೋದ ಕಮ್ಮಾರನ ಸಾಲೆಯ ಹಾಗೆ. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದರು. ಭಾರತದ ಅತಿ ಹಳೆಯ ನೆಲೆಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ನನ್ನ ಹಲ್ಲು ನೋಡಿದ ದಂತವೈದ್ಯರು ಎಪ್ಪತ್ತೈದಾ ಎಂದು ಕೇಳಿದ್ದರು; ಹಲ್ಲಿನ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಮಗಳು ಮೊಬೈಲಿನಲ್ಲಿ ಇದನ್ನೆಲ್ಲ ಓದುತ್ತಾ ಹೋದಳು. ಮಳೆಗಾಲದಲ್ಲಿ ಆ ಜನ ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರುತ್ತಿದ್ದರು, ಬೇಸಿಗೆಯಲ್ಲಿ ನೀರು ಬತ್ತದ ಊಟೆಗಳ ಹತ್ತಿರ, ಹಳ್ಳದ ಗುಂಟ ಒಟ್ಟುಗೂಡುತ್ತಿದ್ದರು ಎಂದು ಪದ್ದಯ್ಯನವರ ವಿವರಣೆ. ನನಗೆ ನಗುವೂ ಬಂತು, ಸಂಕಟವೂ ಆಯಿತು. ಈಗ ಬೇಸಿಗೆ ಬಂದರೆ ನಮ್ಮ ಸೀಮೆಯ ಜನ ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತಾರೆ, ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡಗಳ ಕೆಳಗೆ ಒಟ್ಟುಗೂಡುತ್ತಾರೆ. ಮಳೆ ಬಿದ್ದರೆ ತಿರುಗಿ ಬರುತ್ತಾರೆ. ನಾನೂ ಗುಳೆ ಹೋದವನೇ. ಪಿಂಚಣಿ ಇರುವ ಗುಳೆ, ಮೂವತ್ತೈದು ವರ್ಷ ಮಳೆಯೇ ಬೀಳದ ಗುಳೆ.

‘ಇದನ್ನ ಇಲಾಖೆಗೆ ತಿಳಿಸ್ಬೇಕಪ್ಪ’ ಎಂದಳು ಮಗಳು. ‘ಇದು ದೇವರಲ್ಲ, ಆಯುಧ.’

ಕಾಕಿ ಕಡುಬು ಮುರಿಯುವುದನ್ನು ನಿಲ್ಲಿಸಿದಳು. ‘ಭೀಮಪ್ಪನ ಕೈಯಾಗ ಆಯುಧ ಇರಲಾರದ ಹೂ ಇರ್ತದೇನು? ಇಲಾಖ್ಯಾಗ ಕೂಡ್ಸಿದ್ರ ಎಳ್ಳಮಾಸಿಗಿ ಅವಗ ಕಡಬು ಯಾರು ಕೊಡ್ತಾರ?’

ಇಲಾಖೆಯೊಂದರಲ್ಲಿ ಮೂವತ್ತೈದು ವರ್ಷ ಕೂತ ನನ್ನನ್ನು ಇಬ್ಬರೂ ನೋಡಿದರು. ನನಗೆ ಯಾರೂ ಕಡುಬು ಕೊಟ್ಟಿರಲಿಲ್ಲ ಎಂಬುದು ನಿಜ. ಆದರೆ ಮಗಳು ಹೇಳುವುದೂ ನಿಜ. ವಿಷಯ ಬದಲಿಸಲು ನಾನು ಎಂದೋ ಓದಿದ್ದನ್ನು ಹೇಳಿದೆ: ಭೂವಿಜ್ಞಾನಿಗಳು ಈ ಸೀಮೆಯ ಸುಣ್ಣಗಲ್ಲಿನ ಸ್ತರಗಳಿಗೆ ಇಟ್ಟಿರುವ ಹೆಸರು ‘ಭೀಮಾ’, ಅದು ಭೀಮಾ ನದಿಯಿಂದ ಬಂದದ್ದು.

‘ನಾ ಹೇಳಿದ್ದೇನು ಮತ್ತ?’ ಎಂದಳು ಕಾಕಿ. ಅಲ್ಲಿಗೆ ವಾದ ಮುಗಿಯಿತು. ಭೂವಿಜ್ಞಾನಕ್ಕೆ ಇಷ್ಟು ಬೇಗ ಬೆಂಬಲ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರು ಎಲೆ ಹಾಕುವವರೆಗೆ ನಾನು ಕಲ್ಲನ್ನು ಕೈಯಲ್ಲಿ ಹಿಡಿದು ಕೂತೆ. ದುಂಡನೆಯ ಬುಡ ಅಂಗೈಯ ಗುಳಿಯಲ್ಲಿ ತಾನಾಗಿ ಹೋಗಿ ಕೂತಿತು. ಹೆಬ್ಬೆರಳಿಗೆ ಒಂದು ತಗ್ಗು, ಅದರ ಎದುರಿಗೆ ಎರಡು ಬೆರಳಿಗೆ ಇನ್ನೊಂದು. ನಾನು ಹುಡುಕಲಿಲ್ಲ, ಬೆರಳು ತಾವೇ ಕಂಡುಕೊಂಡವು. ಇದು ಅದೇ ಹೌದೋ ಅಲ್ಲವೋ ಬಲ್ಲವರು ನೋಡಿ ಹೇಳಬೇಕು. ಕೈ ಮಾತ್ರ ಯಾರನ್ನೂ ಕೇಳದೆ ಹೌದು ಎಂದುಬಿಟ್ಟಿತ್ತು. ಇಸಾಂಪುರದಂಥ ಕಡೆ ಬಲ್ಲವರ ಪಕ್ಕದಲ್ಲಿ ಕೂತು ನೋಡಿ ನೋಡಿಯೇ ಎಳೆಯರು ಈ ಕೆಲಸ ಕಲಿತಿರಬೇಕು ಎಂದು ಪಂಡಿತರು ಬರೆದಿದ್ದಾರೆ. ಅಂದರೆ ಯಾವಳೋ ಒಬ್ಬ ತಾಯಿ ‘ದೂರ ಸರಿ, ಕಣ್ಣಿಗೆ ಚಕ್ಕಿ ಬಡೀತದ’ ಎಂದು ಗದರಿರಲೇಬೇಕು. ಮಾತು ಇತ್ತೋ ಇಲ್ಲವೋ, ಗದರುವುದು ಇದ್ದೇ ಇರುತ್ತದೆ.

ಆನಂದವಾಯಿತೇ ಎಂದು ಶಿಬಿರದವರು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಹಸಿವಾಗಿತ್ತು. ಆದರೆ ಗಡಿಗೆಯ ಸುಣ್ಣ ನೋಡುತ್ತಾ ಒಂದು ವಿಚಾರ ತಲೆಗೆ ಬಂತು. ಈ ಸುಣ್ಣವೂ ಇದೇ ಕಲ್ಲು. ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಹರಳಾಗುತ್ತದೆ, ನೀರು ಕುಡಿಸಿದರೆ ಕುದ್ದು ಅರಳುತ್ತದೆ, ಬಳಿದು ಬಿಟ್ಟರೆ ಗಾಳಿ ಕುಡಿದು ಮತ್ತೆ ಕಲ್ಲೇ ಆಗುತ್ತದೆ. ನಾವು ತಲೆಮಾರುಗಳಿಂದ ಕಲ್ಲಿಗೆ ಕಲ್ಲನ್ನೇ ಹಚ್ಚುತ್ತಾ ಬಂದಿದ್ದೆವು. ಒಳಗಿನದು ಖರೆ, ಮೇಲಿನದು ಸುಳ್ಳು ಎಂದು ಕೆರೆಯುವಾಗ ಅಂದುಕೊಂಡಿದ್ದೆ. ಹಾಗಿರಲಿಲ್ಲ. ನನಗೂ ಮೂವತ್ತೈದು ವರ್ಷದ ಪದರಗಳಿದ್ದವು: ದ್ವಿತೀಯ ದರ್ಜೆ, ಪ್ರಥಮ ದರ್ಜೆ, ಅಧೀಕ್ಷಕ. ನಿವೃತ್ತಿಯ ದಿನ ಅವೆಲ್ಲ ಒಟ್ಟಿಗೆ ಉದುರಿ, ಒಳಗೆ ಯಾವ ಕಲ್ಲಿದೆಯೋ ಎಂಬ ಹೆದರಿಕೆಯಲ್ಲೇ ನಾನು ಬಿಳಿ ಪೈಜಾಮ ತೊಟ್ಟು ಶಿಬಿರಕ್ಕೆ ಹೋಗಿದ್ದು. ಅವ್ವನ ಮೂರು ಬೆರಳು ಉಳಿದದ್ದು ಕಲ್ಲಿನ ಮೇಲಲ್ಲ, ಸುಣ್ಣದ ಮೇಲೆ.

ನಾಲ್ವರಿಗೆ ಮಗಳೇ ಸುಣ್ಣ ಹಚ್ಚಿದಳು. ಬ್ರಷ್ಷು ಕೇಳಿದಳು, ಕಾಕಿ ‘ಕೈಗೇನಾಗ್ಯಾದ?’ ಎಂದಳು. ಬೆರಳು ಅದ್ದಿ ಹಚ್ಚಿದಳು, ಉರಿಯುತ್ತದೆ ಎಂದಳು, ಕಾಕಿ ಒಂಚೂರು ಎಣ್ಣೆ ಸವರಿದಳು. ಭೀಮಪ್ಪನಿಗೆ ಈ ವರ್ಷ ಸುಣ್ಣ ಬೇಡವೆಂದು ತೀರ್ಮಾನವಾಯಿತು. ಬಲ್ಲವರಿಗೆ ಚಿತ್ರ ಸಹಿತ ಕಾಗದ ಬರೆದು, ಅವರು ಬಂದು ನೋಡುವವರೆಗೆ ಇದ್ದ ಹಾಗೇ ಇರಲಿ ಎಂದು. ಕಾಗದವನ್ನು ನಾನೇ ಬರೆಯುತ್ತೇನೆಂದೆ. ತಕರಾರು ಇಲ್ಲದ ಕಾಗದ ಬರೆದು ಎಷ್ಟೋ ವರ್ಷವಾಗಿತ್ತು.

ಬೆಳ್ಳಗೆ ಹೊಳೆಯುವ ನಾಲ್ಕು ಅಣ್ಣತಮ್ಮಂದಿರ ನಡುವೆ ಭೀಮಪ್ಪನೊಬ್ಬನೇ ಬೂದುಮೈಯಲ್ಲಿ ಕೂತ. ಕಾಕಿಗೆ ತಡೆಯಲಾಗಲಿಲ್ಲ. ‘ಪಾಪ, ಬತ್ತಲೆ ಕುಂತಾನ’ ಎಂದು, ಪೂಜೆಗೆ ತಂದ ಕುಬಸದ ಖಣವನ್ನು ಅವನ ಹೆಗಲಿಗೆ ಹೊದಿಸಿದಳು. ಹಸಿರು ಖಣ, ಕೆಂಪು ಅಂಚು. ನೋಡಿದರೆ ಥೇಟ್ ಬೀಳ್ಕೊಡುಗೆಯ ಶಾಲು. ನಾನು ಹತ್ತಿರ ಸರಿದು, ಇನ್ನು ಸ್ವಲ್ಪ ಅಧ್ಯಾತ್ಮದ ಕಡೆ ಗಮನ ಕೊಡಪ್ಪಾ ಎಂದು ಅವನ ಕಿವಿಯಲ್ಲಿ ಹೇಳಬೇಕೆಂದಿದ್ದೆ. ಹೆಂಡತಿ ನನಗೂ ಅವನಿಗೂ ಒಂದೊಂದು ಕಡುಬು ಇಟ್ಟಳು. ಅವನದಕ್ಕೆ ಆಗಲೇ ಇರುವೆ ಹತ್ತಿತ್ತು.